ಕುಸಾಯ್

ಡಬ್ಬಿಯ ಮೇಲೆ ‘ಬೆಣ್ಣೆ ಬಿಸ್ಕತ್ತು’ ಎಂಬ ಬೇಕರಿ ಚೀಟಿ ಇನ್ನೂ ಹಾಗೇ ಇತ್ತು. ಒಳಗಿರುವುದು ಬಿಸ್ಕತ್ತಲ್ಲವೆಂದು ಮುಚ್ಚಳ ತೆಗೆಯುವ ಮೊದಲೇ ಕೋಮಲಾಳ ಮೂಗಿಗೆ ತಿಳಿದುಹೋಯಿತು. ಮಲಪರೀಕ್ಷೆಗೆ ಕಡಲೆಕಾಳಿನಷ್ಟು ಸಾಕೆಂದು ಹೇಳಿ ನಿನ್ನೆ ಪುಟ್ಟ ಡಬ್ಬಿ ಕೊಟ್ಟು ಕಳಿಸಿದ್ದಳು. ಪೇಷಂಟು ಓಬಳೇಶಪ್ಪ ಅದನ್ನು ಮನೆಯಲ್ಲಿ ಸುಣ್ಣ ಇಡಲು ತೆಗೆದಿರಿಸಿಕೊಂಡು, ಇದರಲ್ಲಿ ಮುಕ್ಕಾಲು ತುಂಬಿಸಿ ತಂದಿದ್ದ.

“ಕಮ್ಮಿ ಬಿದ್ರ ಮತ್ತ ಬರೋದಾಕ್ಕತಲ್ರಿ ಮೇಡಮ್ಮಾರ, ಅದಕ್ಕ ಧಾರಾಳ ತಂದೀನಿ” ಎಂದ ಸಂಕೋಚದಿಂದ.

ಮುಖ ಕಿವುಚುವಂತಿರಲಿಲ್ಲ. ಹಡಗಲಿ ಬಸ್‌ಸ್ಟ್ಯಾಂಡಿನ ಹಿಂದಿದ್ದ ಆ ರಕ್ತ-ಮೂತ್ರ ಪರೀಕ್ಷೆಯ ಲ್ಯಾಬಿಗೆ ಸೇರಿದ ದಿನವೇ ಮಾಲೀಕ ಪಾಲಾಕ್ಷಪ್ಪ ಹೇಳಿದ್ದ: “ಪೇಷಂಟ್ ಮುಂದ ಮೂಗು ಮುಚ್ಚಂಗಿಲ್ಲ, ಥೂ ಅನ್ನಂಗಿಲ್ಲ. ಅವರ ಹೊಟ್ಟ್ಯಾಗಿಂದ ಬಂದಿದ್ದs ನಮ್ಮ ಹೊಟ್ಟಿಗೆ ಹಾಕ್ತೈತಿ, ನೆನಪಿರ್ಲಿ.” ಹೇಳಿದ್ದಕ್ಕೆ ಎರಡು ಅರ್ಥವಾಗುತ್ತದೆಂದು ಅವನಿಗೆ ಹೊಳೆಯಲಿಲ್ಲ. ರಕ್ತ ತೆಗೆಯುವ ತಿಪ್ಪೇಶನಿಗೆ ಹೊಳೆಯಿತು. ಪಾಲಾಕ್ಷಪ್ಪನದೇ ಗೊಗ್ಗರು ದನಿಯಲ್ಲಿ, ಊಟದ ಹೊತ್ತಿಗೇ ಸರಿಯಾಗಿ, ಅದನ್ನು ದಿನಕ್ಕೊಂದು ಸಲ ಹೇಳುತ್ತಿದ್ದ.

ಮಾಸ್ಕು ವಾಸನೆಯನ್ನು ತಡೆಯುತ್ತಿರಲಿಲ್ಲ, ಒಳಗೆ ಬಂದದ್ದನ್ನು ಹೊರಗೆ ಬಿಡುತ್ತಿರಲಿಲ್ಲ, ಅಷ್ಟೆ. ಪಾಲಾಕ್ಷಪ್ಪ ದಿನಾ ಎರಡು ಮಾರು ಮಲ್ಲಿಗೆ ತಂದು ಫ್ಯಾನಿನ ಕೆಳಗೆ ತೂಗಿಬಿಡುತ್ತಿದ್ದ. ಎಂಟು ತಿಂಗಳಲ್ಲಿ ಎರಡೂ ವಾಸನೆ ಕಲೆತು ಒಂದೇ ಆಗಿದ್ದವು. ಬಸ್ಸಿನಲ್ಲಿ ಮುಂದೆ ಕೂತವಳ ಜಡೆಯಲ್ಲಿ ಹಡಗಲಿ ಮಲ್ಲಿಗೆ ಕಂಡರೆ ಸಾಕು, ಕೋಮಲಾಳಿಗೆ ಬಾಯಿತುಂಬ ಉಗುಳು ಬರುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಬೇಳೆಸಾರಿನ ಹಳದಿ ಬೇರೇನನ್ನೋ ನೆನಪಿಸುತ್ತಿತ್ತು. ಹಿತ್ತಲಿನ ನಾಯಿಗಳು ಕೊಬ್ಬಿದವು. ಅವಳು ನಲವತ್ತೊಂದು ಕೆ.ಜಿ.ಗೆ ಇಳಿದಳು.

“ಈ ತಿಂಗ್ಳು ನೋಡ್ತೀನಿ” ಎಂದಿದ್ದಳು ತಾಯಿ ಗಿಡ್ಡಮ್ಮ. “ಉಂಡು ಮೈ ಹಿಡಿದ್ರ ಸರಿ. ಇಲ್ಲಂದ್ರ ಆ ಕೆಲ್ಸ ಬಿಡಸ್ತೀನಿ. ನೀ ಓದಿದ್ದು ಸಾಯಾಕಲ್ಲ.”

ಕೆಲಸ ಬಿಟ್ಟರೆ ಮುಂದೇನು ಎಂಬುದು ಕೋಮಲಾಳಿಗೆ ಗೊತ್ತಿತ್ತು. ಅತ್ತೆ ತಂದಿಟ್ಟಿದ್ದ ಗಂಡಿನ ಫೋಟೋ ದೇವರ ಗೂಡಿನ ಪಕ್ಕದಲ್ಲೇ ಕಾಯುತ್ತಿತ್ತು.

ಓಬಳೇಶಪ್ಪ ಡಬ್ಬಿ ತಂದ ಮಧ್ಯಾಹ್ನ ಅವಳು ಬುತ್ತಿ ಬಿಚ್ಚದೆ ಕೂತಿದ್ದಳು. ತಿಪ್ಪೇಶ ಎದುರಿಗೆ ಕೂತು ಮಂಡಕ್ಕಿ ಮುಕ್ಕುತ್ತಿದ್ದ.

“ನಿನಗ ಹೆಂಗ್ ಸೇರ್ತೈತಿ ತಿಪ್ಪಣ್ಣ?”

“ನನ್ನ ಹೆಸರಾಗs ತಿಪ್ಪಿ ಐತಲ್ಲವ್ವಾ. ನಿನ್ನ ಹೆಸರು ನೋಡು, ಕೋಮಲಾ. ಈ ಕೆಲ್ಸಕ್ಕ ಹೆಸರು ಇಟ್ಟಾಗs ತಪ್ಪ್ಯಾರ.” ಫೋನನ್ನು ನೀರಿನ ಬಾಟಲಿಗೆ ಒರಗಿಸಿದ. “ಇದನ್ನ ನೋಡು. ಜಪಾನಿಂದು. ಅನಿಮೆ ಅಂತಾರ.”

“ಕಾರ್ಟೂನು. ಕಣ್ಣು ನೋಡು, ಚಾದ ಬಸಿ ಇದ್ದಂಗ ಅದಾವ.”

“ಕಣ್ಣು ಬಿಡು. ಮೂಗು ನೋಡು.”

ಒಂದು ಮೀನುಬಂದರು. ಇಸೊಕೊ ಎಂಬ ಹುಡುಗಿ ಮೀನು ಸೀಳುವ ಶೆಡ್ಡಿಗೆ ಮೊದಲ ದಿನ ಕೆಲಸಕ್ಕೆ ಬರುತ್ತಾಳೆ. ಕತ್ತಿ ಹೊಟ್ಟೆಯೊಳಗೆ ಹೋಗುವುದು, ಕರುಳು ನುಣುಚಿ ಬಕೆಟ್ಟಿಗೆ ಬೀಳುವುದು, ಮೊಣಕೈಯವರೆಗೆ ಅಂಟಿದ ಲೋಳೆಯ ಮೇಲೆ ನೊಣ ಕೂರುವುದು, ಎಲ್ಲವನ್ನೂ ಯಾರೋ ಪುಣ್ಯಾತ್ಮರು ಮನಸ್ಸಿಟ್ಟು ಬರೆದಿದ್ದರು. ಕೋಮಲಾ ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡಳು. ಇಸೊಕೊ ಶೆಡ್ಡಿನ ಹಿಂದೆ ಓಡಿ ಕಾರಿಕೊಂಡು, ಬಾಯಿ ಒರೆಸಿಕೊಂಡು ಬಂದು ಎಲ್ಲರೆದುರಿಗೆ ಮೂಗು ಹಿಡಿದು ಕಿರುಚಿದಳು: “ಕುಸಾಯ್.”

ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬಂತು. ನಾರುತ್ತಿದೆ.

ಯಾರೂ ಬೈಯಲಿಲ್ಲ. ಮೇಸ್ತ್ರಿ ಮುದುಕ ಕತ್ತಿ ಕೆಳಗಿಟ್ಟು, ಬಕೆಟ್ಟನ್ನು ಮೂಸಿ ನೋಡಿ, “ಕುಸಾಯ್” ಎಂದು ತಲೆಯಾಡಿಸಿದ. ಆಮೇಲೆ ಎಲ್ಲರೂ ಕೈ ತೊಳೆದು ಸಾಲಾಗಿ ಕೂತು ಅನ್ನದ ಉಂಡೆ ತಿಂದರು. ಉಂಡೆಯಿಂದ ಬಿಳಿ ಹಬೆ ಏಳುತ್ತಿತ್ತು. ಇಸೊಕೊಳ ಕೆನ್ನೆ ಉಬ್ಬಿತ್ತು. ಕೋಮಲಾ ತನಗೆ ತಿಳಿಯದಂತೆಯೇ ಬುತ್ತಿಯ ಮುಚ್ಚಳ ತೆಗೆದು ನಾಲ್ಕು ತುತ್ತು ಉಂಡಿದ್ದಳು.

ಹನ್ನೆರಡು ಕಂತುಗಳನ್ನು ಮೂರೇ ದಿನದಲ್ಲಿ ಮುಗಿಸಿ, ಮೊದಲಿನಿಂದ ಮತ್ತೆ ಹಚ್ಚಿದಳು. ಒಲೆಯ ಮುಂದೆ ಕೂತ ಗಿಡ್ಡಮ್ಮ ಕೇಳಿದಳು, “ಏನವಾ ಅದು, ನಾಕ್ ದಿನದಿಂದ ಬಿಟ್ಟ ಕಣ್ಣು ಬಿಟ್ಟಂಗs ಕುಂತಿ?”

“ಅನಿಮಿ.”

ಗಿಡ್ಡಮ್ಮನಿಗೆ ಗೊತ್ತಿದ್ದ ಆ ದನಿಯ ಪದ ಒಂದೇ. ಹೆರಿಗೆ ವಾರ್ಡಿನಲ್ಲಿ ನರ್ಸು ಸೋಪಿನ ನೀರು ತಂದಾಗ ಕೇಳಿದ್ದು. “ಎನಿಮಾನ? ಹಗಲೆಲ್ಲ ಅದನ್ನs ಹಿಡೀದು ಸಾಲಲ್ದು ಅಂತ ಮನ್ಯಾಗೂ ನೋಡ್ತೀಯೇನ, ಹೇಸಿ?”

ಕೋಮಲಾ ಎರಡನೇ ಸಲ ಅನ್ನಕ್ಕೆ ತಟ್ಟೆ ಚಾಚಿದಳು. ಗಿಡ್ಡಮ್ಮ ಬೈಗುಳವನ್ನು ಅಲ್ಲಿಗೇ ಬಿಟ್ಟು ಸೌಟಿಗೆ ಕೈ ಹಾಕಿದಳು.

ಲ್ಯಾಬಿನಲ್ಲಿ ಅವಳೀಗ ಡಬ್ಬಿ ತೆಗೆಯುವಾಗಲೆಲ್ಲ ಇಸೊಕೊಳ ರಾಗದಲ್ಲೇ, ಬಾಯಿ ತುಂಬ, “ಕುಸಾಯ್” ಎನ್ನುತ್ತಿದ್ದಳು. ಅಂದ ದಿನ ಮಧ್ಯಾಹ್ನದ ಬುತ್ತಿ ಪೂರ್ತಿ ಖಾಲಿಯಾಗುತ್ತಿತ್ತು. ಒಂದು ದಿನ ಪಾಲಾಕ್ಷಪ್ಪನ ಕಿವಿಗೆ ಬಿತ್ತು.

“ಏನ್ ಅಂದಿ?”

ತಿಪ್ಪೇಶ ಸಿರಿಂಜು ಹಿಡಿದುಕೊಂಡೇ ಬಾಗಿ, “ಜಪಾನಿನಾಗ ನಮಸ್ಕಾರಕ್ಕ ಹಂಗಂತಾರ್ರಿ ಸರ್. ಅಲ್ಲಿ ದೊಡ್ಡ ದೊಡ್ಡ ಲ್ಯಾಬಿನಾಗ ಎಲ್ಲಾ ಇದs” ಎಂದ.

ಪಾಲಾಕ್ಷಪ್ಪನಿಗೆ ಅದು ಹಿಡಿಸಿತು. ಮರುದಿನದಿಂದ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಕೈಮುಗಿದು “ಕುಸಾಯ್, ಬರ್ರಿ” ಎನ್ನತೊಡಗಿದ. ಬಂದವರೂ ಮರ್ಯಾದೆಯಿಂದ ಕೈಮುಗಿದರು. ತಿಪ್ಪೇಶ ಒಳಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಕ್ಕ. ಮೊದಲ ದಿನ ಕೋಮಲಾಳೂ ನಕ್ಕಳು. ಎರಡನೇ ದಿನ ಒಬ್ಬ ಬಸುರಿ ಹೆಣ್ಣುಮಗಳು, ಮೂತ್ರದ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಒಂದೇ ಕೈ ಎದೆಗೆ ಹಚ್ಚಿ ಅವಳಿಗೆ “ಕುಸಾಯ್ ರಿ” ಎಂದಳು. ಆ ಮಧ್ಯಾಹ್ನ ಅವಳು ಬುತ್ತಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು. ಈ ಸಲದ ಹೇಸಿಕೆ ಡಬ್ಬಿಯದಾಗಿರಲಿಲ್ಲ. ತನ್ನದೇ ಬಾಯಿ ಗಬ್ಬು ನಾರಿದಂತಾಯಿತು.

ಹೀಗೆ ಐದು ದಿನ ಬುತ್ತಿ ನಾಯಿಗೆ ಹೋಯಿತು. ಆರನೇ ದಿನ ಮಾಗಳದಿಂದ ಜಂಬಕ್ಕ ಬಂದಳು. ಕುರಿ ಕಾಯುವ ಮುದುಕಿ, ತಿಂಗಳಿಂದ ಹೊಟ್ಟೆನೋವು. ಕೌಂಟರಿನ ಮೇಲೆ ತನ್ನ ಸ್ಯಾಂಪಲ್ಲು ತುಂಬಿದ್ದ ಉಪ್ಪಿನಕಾಯಿ ಬಾಟಲಿಯನ್ನಿಟ್ಟು, ಎರಡೂ ಕೈ ಜೋಡಿಸಿ, ಬಾಗಿ, “ಕುಸಾಯ್ ಯವ್ವಾ” ಎಂದಳು.

“ಹಂಗನ್ನಬ್ಯಾಡಜ್ಜಿ.”

“ಯಾಕಬೇ? ಬಾಗ್ಲಾಗ ಆ ಯಜಮಾನ ಅಂದ್ನಲ್ಲ.”

“ಅದು ನಮಸ್ಕಾರ ಅಲ್ಲ.” ತಿಪ್ಪೇಶ ಕೆಮ್ಮಿದ, ಕಣ್ಣು ಮಿಟುಕಿಸಿದ, ಕೊನೆಗೆ ಕಾಲು ತುಳಿದ. ಕೋಮಲಾ ಕಾಲು ಸರಿಸಿಕೊಂಡಳು. “ನಾರ್ತೈತಿ ಅಂತ ಅರ್ಥ. ನಾನs ಹಚ್ಚಿದ್ದು ಅದನ್ನ. ಇದನ್ನ ಮುಟ್ಟಿದ್ರ ನನಗ ಹೇಸಿಕಿ ಆಕ್ಕತಿ. ಉಣ್ಣಾಕ ಬರಂಗಿಲ್ಲ.”

ಬೆಂಚಿನ ಮೇಲಿದ್ದವರೆಲ್ಲ ಇತ್ತ ಕತ್ತು ಚಾಚಿದರು. ಬಾಗಿಲಲ್ಲಿ ಪಾಲಾಕ್ಷಪ್ಪ ಯಾರಿಗೋ ಮುಗಿದ ಕೈಯನ್ನು ಹಾಗೇ ಹಿಡಿದುಕೊಂಡು ತಿರುಗಿದ.

ಜಂಬಕ್ಕ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. “ನಾರದs ಏನ್ಮಾಡ್ತೈತಿ?” ಎಂದಳು. “ಬಸ್ಸಿನ್ಯಾಗ ಮಡ್ಲಾಗ ಇಟ್ಕಂಡು ಬಂದೆ. ಬಾಜುಕ ಕುಂತಾಕಿ ಎದ್ದು ನಿಂತ್ಲು. ನಂದಲ್ಲ ಅನ್ನಂಗ ಕಿಟಿಕ್ಯಾಗ ಮಾರಿ ಹಾಕ್ಕಂಡು ಕುಂತಿದ್ದೆ. ಕುರೀದು ವರ್ಸಗಟ್ಲೆ ಬಳದೀನಿ, ಏನೂ ಅನ್ಸಿಲ್ಲ. ಈ ಮನಶ್ಯಾರದು ಭಾಳ ಗಬ್ಬು ತಾಯಿ. ನನಗs ಬ್ಯಾಸ್ರ ಬಂತು. ಬಾಯಿ ಬಿಟ್ಟು ಅನ್ನಾಕ ನಾಚಿಕಿ.”

ಬೆಂಚಿನಿಂದ ಯಾರೋ ನಕ್ಕರು. ಪಾಲಾಕ್ಷಪ್ಪ ಮುಗಿದ ಕೈಗಳನ್ನು ಬಿಡಿಸಿ ಜೇಬಿಗೆ ಹಾಕಿಕೊಂಡು, “ಸಂಜಿಗೆ ನನ್ನ ಕಂಡು ಹೋಗು” ಎಂದಷ್ಟೇ ಕೋಮಲಾಳಿಗೆ ಹೇಳಿ ಹೊರಗೆ ಹೋದ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗಾಜಿನ ಪಟ್ಟಿಗೆ ಹಚ್ಚಿದ ಮುದುಕಿಯ ಸ್ಯಾಂಪಲ್ಲಿನಲ್ಲಿ ಹೊಟ್ಟೆಹುಳದ ಮೊಟ್ಟೆಗಳಿದ್ದವು. ಕೋಮಲಾ ರಿಪೋರ್ಟು ಕೊಡಲು ಬಂದಾಗ ಜಂಬಕ್ಕ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಗಂಟು ಬಿಚ್ಚುತ್ತಿದ್ದಳು. ಸಜ್ಜೆರೊಟ್ಟಿ, ಗುರೆಳ್ಳು ಚಟ್ನಿ. ಒಂದು ರೊಟ್ಟಿಯನ್ನು ಎತ್ತಿ ಚಾಚಿದಳು. ಉಗುರುಗಳ ಸಂದಿ ಕಪ್ಪಗಿತ್ತು. ಕೋಮಲಾ ಕೈ ಹಿಂದಕ್ಕೆಳೆದುಕೊಂಡಳು.

“ಆ ಕೈಲೆ ಕೊಟ್ರ ನನಗಾಗಂಗಿಲ್ಲಜ್ಜಿ.”

“ಹಂಗಾರ ತೊಳಿ ಬಾ ಮತ್ತ. ನನಗ ಉಗುರಿನ ಸಂದಿ ಕಾಣಂಗಿಲ್ಲ.”

ಹಿತ್ತಲ ನಲ್ಲಿಯ ಕೆಳಗೆ ಕೋಮಲಾ ಮುದುಕಿಯ ಒಂದೊಂದೇ ಬೆರಳು ಹಿಡಿದು, ಸೋಪು ಹಚ್ಚಿ, ಹಳೆಯ ಬ್ರಷ್ಷಿನಿಂದ ಉಜ್ಜಿದಳು. ನೀರು ಮೊದಲು ಮಣ್ಣುಬಣ್ಣಕ್ಕೆ ಹರಿಯಿತು, ಆಮೇಲೆ ಬೆಳ್ಳಗೆ, ಆಮೇಲೆ ತಿಳಿಯಾಗಿ. ಜಂಬಕ್ಕ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ನಿಂದೂ ಇತ್ತ ತಾ” ಎಂದು ಬ್ರಷ್ಷು ಕಸಿದುಕೊಂಡಳು.

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಸಜ್ಜೆರೊಟ್ಟಿ ಪಟ್ಟೆಂದು ಮುರಿಯಿತು, ಅದರ ಎಳ್ಳು ಕೋಮಲಾಳ ಮಡಿಲಿಗೆ ಉದುರಿತು. ಅವಳು ಮೆಲ್ಲಗೆ ಅಗಿಯುತ್ತ, ಉದುರಿದ ಎಳ್ಳನ್ನು ಒದ್ದೆ ಬೆರಳಿಗೆ ಒಂದೊಂದಾಗಿ ಅಂಟಿಸಿಕೊಂಡು ಬಾಯಿಗಿಟ್ಟುಕೊಂಡಳು.