ಡಾಂಗಲ್ ಹಚ್ಚಿದ್ದರೂ

ಮೂಡಲಗಿ ಪೇಟೆಯಲ್ಲಿ ಶುಭಾಂಗಿಯದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ, ಫ್ಲಾಪಿಗೆ ಹಾಕಿ ಮಶೀನಿಗೆ ಕೊಟ್ಟರೆ ಸೂಜಿ ತಾನೇ ಓಡುತ್ತಿತ್ತು. ಚಿತ್ರ ಬಿಡಿಸುವ ಸಾಫ್ಟ್‌ವೇರಿನ ಜೊತೆ ಬೆರಳುದ್ದದ ಒಂದು ಡಾಂಗಲ್ ಬಂದಿತ್ತು. ಅದನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತಿತ್ತು. ಕದ್ದು ಬಳಸುವವರನ್ನು ತಡೆಯಲು ಮಾಡಿದ ಉಪಾಯ ಅದು.

2005ರ ಬೇಸಿಗೆಯಲ್ಲಿ ವೈರಸ್ ಹತ್ತಿ ಕಂಪ್ಯೂಟರ್ ಮಲಗಿತು. ಶುಭಾಂಗಿ ನೆಂಟರ ಮದುವೆಗೆಂದು ತವರಿಗೆ ಹೋಗಿದ್ದಾಗ, ಗೋಕಾಕದಲ್ಲಿ ಡಿಪ್ಲೊಮಾ ಓದುತ್ತಿದ್ದ ಮೈದುನ ತೇಜಸ ವಿಂಡೋಸ್ ತೆಗೆದು ಅದರ ಜಾಗದಲ್ಲಿ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಟ್ಟ.

"ಇದಕ್ಕ ವೈರಸ್ ಹತ್ತೂದಿಲ್ರಿ ವೈನಿ," ಎಂದ, ಅವಳು ಮರಳಿ ಬಂದಾಗ.

"ನನ್ನ ಸಾಫ್ಟ್‌ವೇರ್ ವಿಂಡೋಸಿಂದಲ್ಲೋ?"

"ವೈನ್ ಅಂತ ಒಂದ ಐತ್ರಿ. ವಿಂಡೋಸಿನ ಸಾಫ್ಟ್‌ವೇರೂ ಇದರಾಗ ನಡಸ್ತೈತಿ."

"ಜೈನರ ಮನ್ಯಾಗ ವೈನ್ ತಂದ್ಯಾ?" ಎಂದು ನಕ್ಕಳು ಶುಭಾಂಗಿ. ಆ ವಾರ ಅವಳು ನಕ್ಕದ್ದು ಅಷ್ಟೇ.

ಸಾಫ್ಟ್‌ವೇರ್ ತೆರೆದುಕೊಂಡಿತು. ಮರುಕ್ಷಣವೇ 'ಡಾಂಗಲ್ ಸಿಗುತ್ತಿಲ್ಲ' ಎಂದು ಇಂಗ್ಲಿಷಿನಲ್ಲಿ ಹೇಳಿ ಮುಚ್ಚಿಕೊಂಡಿತು. ಶುಭಾಂಗಿ ಬಗ್ಗಿ ನೋಡಿದಳು. ಡಾಂಗಲ್ ಇದ್ದಲ್ಲೇ ಇತ್ತು. ಕಿತ್ತು, ಊದಿ, ಸೆರಗಿನಿಂದ ಒರೆಸಿ ಮತ್ತೆ ಹಚ್ಚಿದಳು. ಸಿಗುತ್ತಿಲ್ಲ. ತೇಜಸ ಕಪ್ಪು ಪರದೆಯ ಮೇಲೆ ಏನೇನೋ ಟೈಪ್ ಮಾಡಿದ, ಗೆಳೆಯರಿಗೆ ಫೋನ್ ಹಚ್ಚಿದ. ಊಹೂಂ. ಸಾಫ್ಟ್‌ವೇರ್ ನಡೆಸುವ ವೈನ್‌ಗೆ ಡಾಂಗಲ್ ಮಾತ್ರ ಕಾಣುತ್ತಿರಲಿಲ್ಲ.

ನಾಗನೂರಿನ ಶೆಟ್ಟೆಪ್ಪ ದಿನಾ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಅವನ ಕಬಡ್ಡಿ ತಂಡದ ಅಂಗಿಗಳ ಎದೆಗೆ ಹುಲಿಯ ಮುಖ ಹೊಲಿಯಬೇಕಿತ್ತು.

"ರವಿವಾರ ಆಟ ಐತ್ರಿ ಅಕ್ಕಾರ. ಹುಡುಗೂರು ನನ್ನ ಕೊಲ್ತಾರ."

"ಅರ್ಧಾ ನಡದೈತ್ರಿ," ಎಂದ ತೇಜಸ, ತಲೆ ಎತ್ತದೆ.

"ಅರ್ಧಾ ನಡದ್ರ ಅರ್ಧಾ ಹುಲಿ ಹೊಲೀಲೇನು?" ಶುಭಾಂಗಿಯ ದನಿ ಬೀದಿಗೆ ಕೇಳುವಂತಿತ್ತು.

ನಿಯತ್ತಿನಿಂದ ಕೊಂಡ ಸಾಮಾನು. ಆದರೂ ಅದು ತನ್ನನ್ನೇ ಕಳ್ಳಿಯಂತೆ ಬಾಗಿಲಲ್ಲಿ ನಿಲ್ಲಿಸಿದೆ. ಅವಳಿಗೆ ಉರಿದದ್ದು ಇದಕ್ಕೇ. ಡಾಂಗಲ್ ಕಿತ್ತು ಪರ್ಸಿಗೆ ಹಾಕಿಕೊಂಡು, ಸಾಫ್ಟ್‌ವೇರಿನ ಸೀಡಿ ಹಿಡಿದು ಹುಕ್ಕೇರಿಗೆ ಹೊರಟಳು. ಅಲ್ಲಿ ಹೊಲಿಗೆ ಕ್ಲಾಸಿನ ಗೆಳತಿ ಸುಮನ್‌ಳ ಅಂಗಡಿಯಲ್ಲಿ ಇನ್ನೂ ವಿಂಡೋಸ್ ಇದ್ದ ಹಳೇ ಕಂಪ್ಯೂಟರಿತ್ತು.

ಸೀಡಿಯಿಂದ ಸಾಫ್ಟ್‌ವೇರ್ ಹಾಕಿ ಡಾಂಗಲ್ ಹಚ್ಚಿದ್ದೇ ತಡ, ಅದು ತಕರಾರಿಲ್ಲದೆ ತೆರೆಯಿತು. ಶುಭಾಂಗಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಕಣ್ಣಲ್ಲಿ ನೀರೇ ಬಂತು.

"ಯಾಕವಾ?" ಎಂದಳು ಸುಮನ್.

"ಇಷ್ಟಕ್ಕ ವಾರಪೂರ್ತಿ ತಲಿ ಒಡಕೊಂಡ್ನೆಲ್ಲ!"

ಸುಮನ್ ಚಹಾ ತಂದಿಟ್ಟಳು. ಅದು ಆರಿ ಹೋಗುವಷ್ಟು ಹೊತ್ತು ಶುಭಾಂಗಿ ಹುಲಿಯ ಮೀಸೆ ತಿದ್ದುತ್ತ ಕೂತಿದ್ದಳು. ಫ್ಲಾಪಿಯೊಂದಿಗೆ ಮೂಡಲಗಿಗೆ ಮರಳಿ ಮಶೀನು ಓಡಿಸಿದಳು. ಶನಿವಾರ ಶೆಟ್ಟೆಪ್ಪ ಅಂಗಿಗಳನ್ನು ಎದೆಗೆ ಅವುಚಿಕೊಂಡು ಹೋದ.

ತೇಜಸ ಪಕ್ಕಕ್ಕೆ ಬಂದು ನಿಂತ. "ಇನ್ನೊಂದ ವಾರ ಕೊಡ್ರಿ ವೈನಿ, ಡಾಂಗಲ್ ಕಾಣೂವಂಗ ಮಾಡ್ತೇನಿ."

"ನಿನ್ನ ಲಿನಕ್ಸ್ ಕೆಟ್ಟದ್ದಂತ ನಾ ಅನ್ನಾಕತ್ತಿಲ್ಲ. ನನ್ನ ಕೆಲಸದ ಸಾಮಾನು ನನ್ನ ಕೇಳಲಾರ್ದ ಯಾಕ ಮುಟ್ಟಿದಿ?"

"ಛಲೋ ಆಗ್ಲಿ ಅಂತ..." ಎಂದ ತೇಜಸ.

ಸೋಮವಾರ ಅವನು ಮತ್ತೆ ವಿಂಡೋಸ್ ಹಾಕಿಕೊಟ್ಟ. ಶುಭಾಂಗಿ ಅವನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಒಂದೊಂದು ಗುಂಡಿ ಒತ್ತುವ ಮೊದಲೂ "ಇದ್ಯಾಕ?" ಎಂದು ಕೇಳುತ್ತ ಕೂತಳು. ಅವನು ಬೇಸರಿಸಿಕೊಂಡ. ಅವಳು ಏಳಲಿಲ್ಲ.