ಐದು ವರ್ಷದ ಜಡೆ

ಅಮ್ಮನ ಜಡೆಯನ್ನು ಬುಡದಲ್ಲಿ ಹಿಡಿದು ಮಗಳು ಕತ್ತರಿ ತೆರೆದಳು.

"ಏಯ್, ಏನೇ ಮಾಡ್ತಿದ್ದೀಯ?" ಮೀನಿನ ಶೆಡ್ಡಿನ ಮೇಸ್ತ್ರಿಯಮ್ಮ ಕೂತಲ್ಲಿಂದಲೇ ಕೂಗಿದಳು.

ನಿನ್ನೆ ಕೆಲಸದ ನಡುವೆ ಕುಸಿದು ಸತ್ತ ಅಮ್ಮ, ಶೆಡ್ಡಿನವರ ಜಡೆಯಕ್ಕ, ಮಂಚದ ಮೇಲೆ ಮಲಗಿದ್ದಳು. ಇಪ್ಪತ್ತೆರಡು ವರ್ಷ ಅವಳ ಪಕ್ಕದಲ್ಲಿ ಕೂತು, ಕೊಳದಲ್ಲಿ ಸಾಕಿದ ಮೀನಿನ ಹೊಟ್ಟೆ ಸೀಳಿದ ಹೆಂಗಸರು ಗೋಡೆಗೊರಗಿ ಕೂತಿದ್ದರು. ಮಧ್ಯಾಹ್ನ ಹೆಣ ಒಯ್ಯುವ ಗಾಡಿ ಬರುವುದಿತ್ತು.

"ಅಮ್ಮನೇ ಹೇಳಿದ್ದು ದೊಡ್ಡಮ್ಮ, ಇವರಿಗೆ ಕೊಡು ಅಂತ." ಮೂಲೆಯಲ್ಲಿ ಲಕೋಟೆ ಹಿಡಿದು ನಿಂತಿದ್ದ ಆಸ್ಪತ್ರೆಯ ಲ್ಯಾಬಿನಾಕೆಯತ್ತ ಮಗಳು ನೋಡಿದಳು.

"ಸತ್ತೋರ ತಲೆಗೆ ಕೈ ಹಾಕೋಕೆ ನಾಚಿಕೆ ಆಗಲ್ವೇನಮ್ಮ ನಿಮಗೆ?" ಎಂದಳು ಮೇಸ್ತ್ರಿಯಮ್ಮ.

ಲ್ಯಾಬಿನಾಕೆ ಲಕೋಟೆಯ ಬಾಯಿ ಬಿಡಿಸಿದಳು.

*

ಎರಡು ತಿಂಗಳ ಹಿಂದೆ ಜಡೆಯಕ್ಕ ಆಸ್ಪತ್ರೆಗೆ ಹೋಗಿದ್ದಳು. ಚಾಕು ಕೈ ಜಾರುತ್ತಿತ್ತು. ಬಾಯಲ್ಲಿ ಸದಾ ನಾಣ್ಯ ಚೀಪಿದ ರುಚಿ. ಮಾತು ತೊದಲುತ್ತಿತ್ತು. "ಜಡೆಯಕ್ಕ ಬೆಳಗ್ಗೆನೇ ಏರಿಸ್ಕೊಂಡು ಬಂದಿದ್ದಾಳೆ" ಎಂದು ಶೆಡ್ಡಿನಲ್ಲಿ ನಗುತ್ತಿದ್ದರು, ಅವಳೂ ನಗುತ್ತಿದ್ದಳು.

"ತಿಂದ ಮೀನಲ್ಲಿ ಪಾದರಸದ ವಿಷ ಇದ್ರೆ ಕೂದಲಲ್ಲಿ ಕೂತಿರುತ್ತೆ," ಎಂದಿದ್ದಳು ಲ್ಯಾಬಿನಾಕೆ. "ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುತ್ತೆ. ನಿಮ್ಮ ಜಡೆಯಲ್ಲಿ ಐದು ವರ್ಷ ತಿಂದಿದ್ದರ ಲೆಕ್ಕ ಇದೆ."

"ಅಯ್ಯೋ, ಅತ್ತೆಗೆ ಕಾಣದ ಹಾಗೆ ತಿಂದಿದ್ದೂ ಇದೆಯಾ?" ಜಡೆಯಕ್ಕ ಜಡೆಯನ್ನು ಮುಂದಕ್ಕೆಳೆದು ನೋಡಿಕೊಂಡಳು. ನಗು ಇಂಗಿತು. "ಈಗ ಕೊಡಲ್ಲ. ಶೆಡ್ಡು ಮುಚ್ಚಿಸಿದಳು ಅಂತ ನಲವತ್ತು ಜನ ನನಗೆ ಶಾಪ ಹಾಕ್ತಾರೆ. ನಾನು ಹೋದ್ಮೇಲೆ ಬನ್ನಿ. ಆಗ ಯಾರು ಬೈದ್ರೂ ಕೇಳಿಸಲ್ಲ."

*

"ಶೆಡ್ಡು ಮುಚ್ಚಿದ್ರೆ ನಿಮ್ಮಮ್ಮ ಎದ್ದು ಬಂದು ಅನ್ನ ಹಾಕ್ತಾಳಾ?" ಮೇಸ್ತ್ರಿಯಮ್ಮನ ದನಿ ಏರಿತು. "ಪೆಟ್ಟಾದ ಮೀನನ್ನ ನಾವೂ ದಿನಾ ಮನೆಗೆ ಒಯ್ಯಲ್ವಾ? ನಮಗೇನಾಗಿದೆ?"

ಪಕ್ಕದ ಮನೆಯವಳು ಚಹಾ ತಂದು ಎಲ್ಲರ ಕೈಗೂ ಕಪ್ಪು-ಸಾಸರು ಕೊಟ್ಟಳು.

ಸ್ವಲ್ಪ ಹೊತ್ತಿಗೆ ಸದ್ದು ಶುರುವಾಯಿತು. ಸಣ್ಣಗೆ, ಚಳಿಗೆ ಹಲ್ಲು ಕಟಕಟಿಸಿದಂತೆ. ಮೊದಲು ಕಿಟಕಿಯ ಬಳಿ, ಆಮೇಲೆ ಗೋಡೆಯುದ್ದಕ್ಕೂ. ಲಾರಿ ಹೋಗುತ್ತಿರಬೇಕೆಂದು ಒಬ್ಬಳು ಹೊರಗೆ ಇಣುಕಿದಳು. ರಸ್ತೆ ಖಾಲಿಯಿತ್ತು. ಪ್ರತಿಯೊಬ್ಬಳೂ ಪಕ್ಕದವಳ ಕಪ್ಪು ನೋಡಿದಳು, ಕೊನೆಗೆ ತನ್ನದನ್ನು. ಒಬ್ಬಳು ತಟ್ಟನೆ ಇನ್ನೊಂದು ಕೈಯಿಂದ ಕಪ್ಪನ್ನು ಅದುಮಿ ಹಿಡಿದಳು. ಆ ಕೈಯೂ ನಡುಗುತ್ತಿತ್ತು. ಸದ್ದು ಜೋರಾಯಿತು.

ಆ ಸದ್ದಿನಲ್ಲಿ ಕತ್ತರಿಯ ಸದ್ದು ಯಾರಿಗೂ ಕೇಳಿಸಲಿಲ್ಲ. ಮಗಳ ಕೈಯಲ್ಲಿ ಜಡೆ ತೂಗಾಡಿತು.

ಲ್ಯಾಬಿನಾಕೆ ಬುಡದ ಕಡೆಗೆ ದಾರ ಕಟ್ಟಿದಳು. "ಈ ತುದಿ ಈ ತಿಂಗಳು," ಎಂದು ತನಗೇ ಹೇಳಿಕೊಂಡು ಲಕೋಟೆಗೆ ಹಾಕಿದಳು.

ಮೇಸ್ತ್ರಿಯಮ್ಮ ಕಪ್ಪನ್ನು ನೆಲಕ್ಕಿಟ್ಟು, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಆಮೇಲೆ ಕೇಳಿದಳು:

"ಅಂಥ ಲಕೋಟೆ ಇನ್ನೆಷ್ಟಿವೆ ನಿಮ್ಮ ಹತ್ರ?"

"ಬೇಕಾದಷ್ಟಿವೆ ಅಮ್ಮ."

ಮಧ್ಯಾಹ್ನ ಗಾಡಿ ಬಂತು. ಒಳಗೆ ಕಾಲಿಟ್ಟ ಡ್ರೈವರು ಬಾಗಿಲಲ್ಲೇ ನಿಂತುಬಿಟ್ಟ. ಮಂಚದ ಮೇಲೆ ಮೋಟುಗೂದಲಿನ ಹೆಂಗಸು. ಅವಳ ತಲೆಯ ಬಳಿ ಕತ್ತರಿ ಹಿಡಿದಿದ್ದ ಮಗಳಿಂದ ಹೊಸ್ತಿಲವರೆಗೆ, ಕೂದಲು ಬಿಚ್ಚಿ ಬೆನ್ನಿಗೆ ಇಳಿಬಿಟ್ಟ ಹೆಂಗಸರು, ಒಬ್ಬರ ಹಿಂದೆ ಒಬ್ಬರು ನಿಂತಿದ್ದರು.