ಕ್ಯಾಪ್ಟನ್‌ಗೆ ಇಲ್ಲದ ಅಕ್ಕ

ಕನ್ನಡಕದ ಅಂಗಡಿಯ ಅಕ್ಕನಿಗೆ ಗಂಡನ ಹುಟ್ಟುಹಬ್ಬ ಮರೆತೀತು, ಹಡಗಿನ ಕ್ಯಾಪ್ಟನ್‌ನದು ಮರೆಯದು. ಕ್ಯಾಪ್ಟನ್ ಎಂದರೆ ಅವಳು ಊಟ ಬಿಟ್ಟು ಓದಿದ ಕಾದಂಬರಿಗಳ ನಾಯಕ. ಅವನು ಗದರಿದರೆ ಬಿರುಗಾಳಿಯೂ ಬಾಲ ಮುದುರಬೇಕು. ಫೋನಿನಲ್ಲಿನ ಅಭಿಮಾನಿಗಳ ಗುಂಪಿನಲ್ಲಿ ಅಕ್ಕ ಹೇಳಿದ್ದೇ ಕೊನೆ. ಆ ಕಾದಂಬರಿಗಳನ್ನು ಟಿವಿಗೆ ತಂದ ಧಾರಾವಾಹಿಯವರು ಅವನ ಗಡ್ಡ ಬೋಳಿಸಿದಾಗ ಅವರ ನೀರಿಳಿಸಿದವಳೂ ಇವಳೇ.

ಹೀಗಿರುವಾಗ ಹೆಸರು ಹೇಳದ ಅಭಿಮಾನಿಯೊಬ್ಬ ಕ್ಯಾಪ್ಟನ್‌ನ ಮೇಲೆ ತನ್ನದೇ ಒಂದು ಕಥೆ ಬರೆದು ಅಂತರ್ಜಾಲದಲ್ಲಿ ಹಾಕಿದ. ಅದರಲ್ಲಿ ಕ್ಯಾಪ್ಟನ್ ಉಗ್ಗುತ್ತಾನೆ! ಸಾಲದ್ದಕ್ಕೆ ಅವನಿಗೊಬ್ಬ ಅಕ್ಕ ಬೇರೆ. ಗುಂಪಿನಲ್ಲಿ ಹರಿದಾಡಿದ ನಾಲ್ಕು ಸಾಲು ನೋಡಿಯೇ ಅವಳ ಮೈ ಉರಿಯಿತು. ಪೂರ್ತಿ ಓದುವ ತಾಳ್ಮೆ ಯಾರಿಗಿದೆ? ಗಿರಾಕಿಯನ್ನು ಕನ್ನಡಿಯ ಮುಂದೆ ಕೂರಿಸಿ ಫೋನಿನ ಮೇಲೆ ಬೆರಳಾಡಿಸಿದಳು: "ಉಗ್ಗೋನು ಹಡಗು ನಡೆಸ್ತಾನಾ? ಅವನು ಬಂಡೆ ಅನ್ನೋಷ್ಟರಲ್ಲಿ ಹಡಗು ಬಂಡೆಗೆ ಹೊಡೆದಿರುತ್ತೆ. ಇಲ್ಲದ ಅಕ್ಕನ್ನ ಎಲ್ಲಿಂದ ಹಿಡ್ಕೊಂಡು ಬಂದ್ರಿ?"

ಗುಂಪು ಬಿದ್ದು ಬಿದ್ದು ನಕ್ಕಿತು.

ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರ ನಿಂತಿತು. ಅಲ್ಲಿ ಕೆಲಸ ಮಾಡುವ ಅವಳ ತಮ್ಮ ಹೊರಬಂದು, "ಅಕ್ಕಾ, ಆ ಫ್ರೇ... ಫ್ರೇ..." ಎಂದ.

"ಫ್ರೇಮ್ ತಾನೆ? ಮೇಲಿನ ಡ್ರಾಯರ್‌ನಲ್ಲಿದೆ," ಎಂದಳು, ಕಣ್ಣೆತ್ತದೆ. ಚಿಕ್ಕಂದಿನಿಂದಲೂ ತಮ್ಮನ ಮಾತು ಮುಗಿಯುವುದು ಅಕ್ಕನ ಬಾಯಲ್ಲೇ. ಅವಳ ಪಾಲಿಗೆ ಅದು ಪ್ರೀತಿ. ಅವನದೂ ಉಗ್ಗೇ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಮರುದಿನ ಗುಂಪಿನಲ್ಲಿ ಜಯಭೇರಿ. ಬರೆದವನು ಕಥೆ ತಿದ್ದಿದ್ದ. ಉಗ್ಗೂ ಇಲ್ಲ, ಅಕ್ಕನೂ ಇಲ್ಲ. ಗೆದ್ದ ಖುಷಿಗೆ ಯಾರೋ ಹಳೆಯ ಕಥೆಯನ್ನು ಇಡಿಯಾಗಿ ಹಾಕಿದರು. ನಗೋಣವೆಂದೇ ಅವಳು ಓದತೊಡಗಿದಳು.

ಕ್ಯಾಪ್ಟನ್ ರಜೆಯ ಮೇಲೆ ಅಕ್ಕನ ಕನ್ನಡಕದ ಅಂಗಡಿಗೆ ಬರುತ್ತಾನೆ. ಅಲ್ಲಿ ಮೂಲೆ ಒಡೆದ ಕನ್ನಡಿ, ಒಡಕಿಗೆ ಹಸಿರು ಟೇಪು. ಓದುತ್ತಿದ್ದವಳು ತಲೆಯೆತ್ತಿದಳು. ಎದುರಿಗೇ ಇತ್ತು ಆ ಕನ್ನಡಿ. ಟೇಪು ಅಂಟಿಸಿದವನು ತಮ್ಮ. ಕಥೆಯಲ್ಲಿ ಕ್ಯಾಪ್ಟನ್‌ನ ಮಾತು ತಡೆಯುತ್ತದೆ. ಅಕ್ಕ ಕೈಯಲ್ಲಿದ್ದುದನ್ನು ಕೆಳಗಿಟ್ಟು, ಅವನು ಮುಗಿಸುವವರೆಗೂ ಕಾಯುತ್ತಾಳೆ. 'ಇಡೀ ಸಮುದ್ರ ಸುತ್ತಿದರೂ ಅವನಿಗೆ ಅವಸರವಿಲ್ಲದ ಜಾಗ ಅದೊಂದೇ' ಎಂದು ಬರೆದಿತ್ತು.

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ತನ್ನ ನಾಲಿಗೆಯ ಮೇಲೆ ತನಗೇ ಹೇಸಿಗೆಯಾಯಿತು.

ಅಷ್ಟರಲ್ಲಿ ತಮ್ಮ ಸಿದ್ಧವಾದ ಕನ್ನಡಕ ಹಿಡಿದು ಬಂದ. ಗಿರಾಕಿ ಮುದುಕಪ್ಪ ಕಾಯುತ್ತಿದ್ದರು. "ಇದನ್ನ... ಓ... ಓ..." ಎಂದು ತಮ್ಮನ ಮಾತು ಸಿಕ್ಕಿಕೊಂಡಿತು. ಅಕ್ಕ ಫೋನು ಕೆಳಗಿಟ್ಟು ತುಟಿ ಬಿಗಿಹಿಡಿದು ನಿಂತಳು. ಮುದುಕಪ್ಪ ಅವನನ್ನೇ ನೋಡಿದರು. ತಮ್ಮ ಅಕ್ಕನ ಕಡೆ ತಿರುಗಿದ. ಅವಳು ಇನ್ನೂ ಕಾಯುತ್ತಿದ್ದಳು. ಅವನ ಕಿವಿ ಕೆಂಪೇರಿತು.

"ನೀ... ನೀನೇ ಹೇಳ್ಬಿಡಕ್ಕ," ಎಂದ, ಹೇಗೋ ನಕ್ಕು. "ಹ... ಹಡಗು ಬಂಡೆಗೆ ಹೊಡೆದೀತು."

ಕನ್ನಡಕವನ್ನು ಮೇಜಿನ ಮೇಲಿಟ್ಟು ಅವನು ಒಳಗೆ ಹೋದ. ಮುದುಕಪ್ಪ ಉತ್ತರಕ್ಕಾಗಿ ಅವಳ ಮುಖ ನೋಡಿದರು. ತಮ್ಮ ಏನು ಹೇಳಹೊರಟಿದ್ದನೋ ಅವಳಿಗೆ ತಿಳಿಯಲಿಲ್ಲ.